ಮರಕ್ಕೆ ಬೋರ್‌ವೆಲ್ ಕೊರೆದ ಕಥೆ

(ಏಪ್ರಿಲ್‌ನ ಒಂದು ಭಾನುವಾರ ಬೆಳಿಗ್ಗೆ ಮೈಸೂರಿನಲ್ಲಿ ಆಡಿದ ಮಾತಿನ ಬರಹ ರೂಪ)

ಮೂರು ವರ್ಷದ ಹಿಂದೆ ನಾನೊಂದು ನುಗ್ಗೆ ಮರ ಹಾಳು ಮಾಡಿದೆ. ಮಾತನ್ನು ಅಲ್ಲಿಂದಲೇ ಶುರು ಮಾಡುತ್ತೇನೆ. ಇವತ್ತು ನಿಮಗೆ ಕುಡಿಸಲು ತಂದಿರುವ ಈ ಮರದ ಚಿಗುರಿನ ಟೀ ಹುಚ್ಚು ನನಗೆ ಹಿಡಿದದ್ದು ಆವಾಗಲೇ.

ಮೊಬೈಲ್‌ನಲ್ಲಿ ಒಂದು ವೀಡಿಯೊ ನೋಡಿದ್ದೆ. ಫಿನ್‌ಲ್ಯಾಂಡ್ ಕಡೆಯದು. ನೆಲದ ಮೇಲೆ ಹಿಮ ಇನ್ನೂ ಪೂರ್ತಿ ಕರಗಿಲ್ಲ. ಒಬ್ಬಾತ ಬರ್ಚ್ ಮರಕ್ಕೆ ಬೆರಳು ಗಾತ್ರದ ತೂತು ಕೊರೆದು, ಸಣ್ಣ ಪೈಪು ಸಿಕ್ಕಿಸಿ, ಬಕೆಟ್ ನೇತುಹಾಕಿದ. ತೊಟ ತೊಟ ಅಂತ ರಸ ಬಿತ್ತು. ನೋಡೋಕೆ ಬರೀ ನೀರು. ಅದನ್ನೇ ಕಾಯಿಸಿ, ಪೈನ್ ಮರದ ಸೂಜಿ ಎಲೆ ಹಾಕಿ, ಮುಚ್ಚಿಟ್ಟು, ಸೋಸಿಕೊಂಡು ಕುಡಿದ. ಒಂದು ಹನಿ ನಲ್ಲಿ ನೀರೂ ಬೇಕಾಗಲಿಲ್ಲ. ನನಗೆ ಅದು ತುಂಬಾ ಹಿಡಿಸಿಬಿಟ್ಟಿತು. ರಜೆಗೆ ಊರಿಗೆ ಹೋದಾಗ ಡ್ರಿಲ್ಲಿಂಗ್ ಮಷಿನ್ ತಗೊಂಡೇ ಹೋದೆ. ನಮ್ಮೂರು ಪಾಂಡವಪುರದ ಹತ್ತಿರ. ಹಿತ್ತಲಲ್ಲಿದ್ದದ್ದು ನುಗ್ಗೆ ಮರ. ಕೊರೆದೆ. ಪೈಪು ಹಾಕಿದೆ. ಕೆಳಗೆ ಚೊಂಬು ಇಟ್ಟೆ.

ನಮ್ಮ ಅವ್ವ ಜಗುಲಿ ಮೇಲೆ ಕೂತು ಎಲ್ಲಾ ನೋಡುತ್ತಿದ್ದಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: "ಎಷ್ಟಡಿಗೆ ನೀರ್ ಬಂತ್ಲಾ ಮಗ?"

ನೀರು ಬರಲಿಲ್ಲ. ಮಾರನೇ ದಿನ ತೂತಿನ ಬಾಯಲ್ಲಿ ಕೆಂಪಗೆ ಅಂಟು ಕಟ್ಟಿತ್ತು. ಅದಕ್ಕೆ ಇರುವೆ ಸಾಲು ಬಂದಿತ್ತು. ನುಗ್ಗೆಯ ಕಟ್ಟಿಗೆ ಎಷ್ಟು ಮೆದು ಅಂತ ನಿಮಗೆ ಗೊತ್ತು. ಮೊದಲ ಮಳೆಯ ಗಾಳಿಗೆ ಮರ ಸರಿಯಾಗಿ ನಾನು ಕೊರೆದ ಜಾಗದಲ್ಲೇ ಮುರಿದು ಬಿತ್ತು. ಅವ್ವ ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾಳೆ, "ನನ್ ಮಗ ನುಗ್ಗೆ ಮರುಕ್ಕೆ ಬೋರ್ ಹಾಕ್ಸಿದ್ದ" ಅಂತ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು, ನೋಡಿ.

ಅಲ್ಲಿ ಬಂದ ನೀರು ಇಲ್ಲಿ ಯಾಕೆ ಬರಲಿಲ್ಲ? ಆಮೇಲೆ ಕೂತು ಓದಿದೆ. ಚಳಿ ದೇಶದ ಮರ ಎಲೆ ಉದುರಿಸಿ ಮಲಗಿರುತ್ತದೆ. ಬೇಸಿಗೆಯಲ್ಲಿ ಮಾಡಿಟ್ಟ ಸಕ್ಕರೆಯನ್ನೆಲ್ಲ ಗಂಜಿಯಾಗಿಸಿ ಬೇರು ಕಾಂಡದಲ್ಲಿ ಕೂಡಿಟ್ಟುಕೊಂಡಿರುತ್ತದೆ. ವಸಂತ ಬಂದು ಮಣ್ಣು ಬಿಸಿಯಾಗುತ್ತಿದ್ದ ಹಾಗೆ ಬರ್ಚ್‌ನ ಬೇರು ನೀರನ್ನು ಮೇಲಕ್ಕೆ ಒತ್ತುತ್ತದೆ. ಆ ನೀರನ್ನು ಕುಡಿಯಲು ಮರದಲ್ಲಿ ಎಲೆ ಇನ್ನೂ ಬಂದಿಲ್ಲ. ಒತ್ತಡ ಒಳಗೇ ನಿಂತಿರುತ್ತದೆ. ಆಗ ತೂತು ಕೊರೆದರೆ ಹೊರಗೆ ಸುರಿಯುತ್ತದೆ. ಎಲೆ ಬಿಚ್ಚಿಕೊಂಡ ಮೇಲೆ ಆ ರಸ ಮಬ್ಬಾಗಿ, ರುಚಿ ಕೆಟ್ಟು, ನಿಂತೇ ಹೋಗುತ್ತದೆ. ವರ್ಷದಲ್ಲಿ ಕೆಲವೇ ವಾರದ ಆಟ. ಮೇಪಲ್ ಮರದ ಕಥೆ ಸ್ವಲ್ಪ ಬೇರೆ. ಅದಕ್ಕೆ ರಾತ್ರಿ ಹೆಪ್ಪುಗಟ್ಟುವ ಚಳಿ, ಹಗಲು ಕರಗುವ ಬಿಸಿಲು ಎರಡೂ ಬೇಕು. ಆ ಏರಿಳಿತವೇ ಅದರ ಪಂಪು.

ಮೈಸೂರಲ್ಲಿ ಹೆಪ್ಪುಗಟ್ಟೋದು ಮೊಸರು ಮಾತ್ರ.

ನಮ್ಮ ಮರಗಳು ಎಲೆ ಉದುರಿಸುವುದು ಚಳಿಗೆ ಹೆದರಿ ಅಲ್ಲ, ಒಣ ಹವೆಗೆ ಹೆದರಿ. ಫಾಲ್ಗುಣ ಚೈತ್ರದಲ್ಲಿ ಚಿಗುರುವುದೂ ನೆಲ ಒಣಗಿರುವಾಗಲೇ. ಮಳೆ ಇನ್ನೂ ಬಂದಿರುವುದಿಲ್ಲ, ಕುಕ್ಕರಹಳ್ಳಿ ಕೆರೆ ನೀರು ಇಳಿದಿರುತ್ತದೆ, ಆದರೆ ಏರಿ ಮೇಲಿನ ಮರದಲ್ಲಿ ಕೆಂಪು ಎಲೆ ಫಳಫಳ ಹೊಳೆಯುತ್ತಿರುತ್ತದೆ. ಆ ಮರದೊಳಗೆ ಹೊರಗೆ ಚಿಮ್ಮುವಂಥ ಒತ್ತಡ ಎಲ್ಲಿ ಬರಬೇಕು? ಅದು ಇರುವ ಹನಿಯನ್ನು ಹಿಡಿದುಕೊಂಡು ಬದುಕುತ್ತಿದೆ. ನಾನು ಹೋಗಿ ಅದಕ್ಕೆ ನಲ್ಲಿ ಹಾಕಿದ್ದೆ.

ಹಾಗಾದರೆ ನಮ್ಮಲ್ಲಿ ಮರದ ರಸ ಇಲ್ಲವಾ? ಇದೆ. ಒಂದು ಸಣ್ಣ ಪರೀಕ್ಷೆ ಕೊಡುತ್ತೇನೆ, ಹಳೇ ಚಾಳಿ. ಬರ್ಚ್‌ನಿಂದ ಬರುವುದಕ್ಕೂ, ಮೇಪಲ್‌ನಿಂದ ಬರುವುದಕ್ಕೂ, ಪೈನ್‌ನಿಂದ ಬರುವುದಕ್ಕೂ ಇಂಗ್ಲಿಷಿನಲ್ಲಿ ಮಾತಿಗೆ ಸ್ಯಾಪ್ ಅಂದುಬಿಡುತ್ತಾರೆ. ಕನ್ನಡದಲ್ಲಿ ಅದಕ್ಕೆ ಒಂದು ಪದ ಹೇಳಿ. ನೋಡಿ, ಒಬ್ಬರು ಸೊನೆ ಅಂದಿರಿ. ಅಲ್ಲಿ ಹಿಂದೆ ಹಾಲು ಅಂದರು. ಅಂಟು, ಮೇಣ. ಯಾರೋ ಮೆಲ್ಲಗೆ ನೀರಾ ಅಂದರು. ಮಂಡ್ಯದವರು ಇರಬೇಕು.

ಎಲ್ಲವೂ ಸರಿ, ಆದರೆ ಎಲ್ಲವೂ ಬೇರೆ ಬೇರೆ. ಸೊನೆ ಅಂದರೆ ಮಾವಿನ ತೊಟ್ಟು ಮುರಿದಾಗ ಚಿಮ್ಮುವುದು, ತುಟಿಗೆ ತಾಗಿದರೆ ಸುಟ್ಟು ಗುಳ್ಳೆ ಬರುತ್ತದೆ. ಹಾಲು ಅಂದರೆ ಆಲ, ಅತ್ತಿ, ಎಕ್ಕದ್ದು. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಆಸ್ಪತ್ರೆಗೇ ಓಡಬೇಕು. ಮೇಣ ಹಲಸಿನದು, ಕೈಗೆ ಎಣ್ಣೆ ಸವರಿಕೊಳ್ಳದೆ ಮುಟ್ಟಬಾರದು. ಅಂಟು ನುಗ್ಗೆ, ಜಾಲಿಯದು, ಮರ ತನ್ನ ಗಾಯಕ್ಕೆ ತಾನೇ ಹಾಕಿಕೊಳ್ಳುವ ಪಟ್ಟಿ. ಇಷ್ಟು ಪದದಲ್ಲಿ ಕಿತ್ತು ತಂದು ಕುಡಿಯುವಂಥದ್ದು ಒಂದೂ ಇಲ್ಲ. ಕುಡಿಯುವುದಕ್ಕೆ ಅಂತ ಇರುವುದು ಕೊನೆಯದು, ನೀರಾ. ನಮ್ಮ ಹಿರಿಯರು ಮರದಿಂದ ಬರುವ ಪ್ರತಿಯೊಂದಕ್ಕೂ ಬೇರೆ ಹೆಸರು ಇಟ್ಟು, ಯಾವುದು ಬಾಯಿಗೆ, ಯಾವುದು ಬೇಡ ಅಂತ ಆವತ್ತೇ ವಿಂಗಡಿಸಿದ್ದರು. ನಾನು ವೀಡಿಯೊದಲ್ಲಿ ಕೇಳಿದ ಒಂದೇ ಪದ ನಂಬಿಕೊಂಡು ಹೋದೆ. ಕನ್ನಡದಲ್ಲಿ ಯೋಚಿಸಿದ್ದರೆ ನುಗ್ಗೆ ಮರ ಉಳಿಯುತ್ತಿತ್ತು.

ಇಲ್ಲಿ ಒಂದು ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಬೇವಿನ ಮರದಲ್ಲಿ ಹಾಲು ಸುರಿಯುವುದನ್ನು ಯಾರಾದರೂ ನೋಡಿದ್ದೀರಾ? ನಮ್ಮ ಕಡೆ ಆಗಾಗ ಸುದ್ದಿ ಆಗುತ್ತದೆ. ನಾನು ಚಿಕ್ಕವನಿದ್ದಾಗ ಪಕ್ಕದ ಊರಿನಲ್ಲಿ ಹೀಗೇ ಆಯಿತು. ದೊಡ್ಡ ಬೇವಿನ ಮರ, ಕವಲಿನ ಹತ್ತಿರದಿಂದ ಬೆಳ್ಳಗೆ ನೊರೆ ನೊರೆಯಾಗಿ ಇಳಿಯುತ್ತಿತ್ತು. ಬುಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಸೀರೆ ಸುತ್ತಿ, ಪೂಜೆ ಆಯಿತು. ಜನ ಬಾಟಲಿ, ಕ್ಯಾನು ಹಿಡಿದು ಸಾಲು ನಿಂತಿದ್ದರು. ನನಗೂ ಅಂಗೈಗೆ ಎರಡು ಹನಿ ಹಾಕಿದರು. ಬೇವು ಅಲ್ವಾ, ಕಹಿ ಇರುತ್ತದೆ ಅಂದುಕೊಂಡು ನೆಕ್ಕಿದೆ. ಸಿಹಿಯಾಗಿತ್ತು. ಹಿಂದಿನಿಂದ ಸ್ವಲ್ಪ ಹುಳಿ ವಾಸನೆ, ಹೆಂಡದ ಹಾಗೆ. ಅದು ನಿಜವಾಗಿ ಮರದೊಳಗಿನ ಸಿಹಿ ರಸವೇ. ಕೆಲವು ಹಳೇ ಬೇವಿನ ಮರದಲ್ಲಿ ತಾನಾಗಿಯೇ ಹೀಗೆ ಒಸರುತ್ತದೆ, ಕೆಲವು ದಿನ ಸುರಿದು ನಿಲ್ಲುತ್ತದೆ. ಹೊರಗಿನ ಸೂಕ್ಷ್ಮಜೀವಿ ಸೇರಿಕೊಂಡು ಹುಳಿ ಬಂದು ನೊರೆ ಏಳುತ್ತದೆ. ಪೂಜೆ ಮಾಡುವುದಕ್ಕೆ ನನ್ನ ತಕರಾರಿಲ್ಲ. ಕ್ಯಾನಿನಲ್ಲಿ ತುಂಬಿಕೊಂಡು ಹೋಗಿ ಮಕ್ಕಳಿಗೆ ಕುಡಿಸುವುದಕ್ಕೆ ಇದೆ.

ನೀರಾಕ್ಕೆ ಬರೋಣ. ತೆಂಗಿನಲ್ಲಿ ಇನ್ನೂ ಬಿಚ್ಚದ ಹೊಂಬಾಳೆಯನ್ನು ಕಟ್ಟಿ, ಮೆಲ್ಲಗೆ ಬಡಿದು, ತುದಿಯನ್ನು ದಿನಾ ತೆಳ್ಳಗೆ ಕೊಯ್ಯುತ್ತಾರೆ. ಈಚಲಿನಲ್ಲಿ ತಲೆಯ ಹತ್ತಿರ ಕಾಂಡವನ್ನೇ ಕೆತ್ತುತ್ತಾರೆ. ರಾತ್ರಿಯೆಲ್ಲ ಮಡಕೆಗೆ ಇಳಿದದ್ದನ್ನು ಹೊತ್ತು ಹುಟ್ಟುವ ಮುಂಚೆ ಇಳಿಸಬೇಕು. ಬಿಸಿಲು ಏರಿದರೆ ಅದು ನೀರಾ ಅಲ್ಲ, ಹೆಂಡ. ಹುಳಿ ಬರದಿರಲಿ ಅಂತಲೇ ಮಡಕೆಯ ಒಳಗೆ ಸುಣ್ಣ ಬಳಿಯುವುದು. ತೆಂಗಿನ ನೀರಾದಲ್ಲಿ ಸಕ್ಕರೆ ನೂರಕ್ಕೆ ಹನ್ನೆರಡರಿಂದ ಹದಿನೈದು ಪಾಲು ಇರುತ್ತದೆ. ಮೇಪಲ್ ರಸದಲ್ಲಿ ಎರಡು ಪಾಲು, ಬರ್ಚ್‌ನಲ್ಲಿ ಒಂದು. ಮೇಪಲ್‌ನವರು ಒಂದು ಲೀಟರ್ ಪಾಕಕ್ಕೆ ಸುಮಾರು 40 ಲೀಟರ್ ರಸ ಕುದಿಸುತ್ತಾರೆ. ಬರ್ಚ್‌ಗೆ ನೂರು ಲೀಟರೂ ಸಾಲದು. ಆಲೆಮನೆ ಮುಂದೆ ಬೆಳೆದ ಮಂಡ್ಯದವನಿಗೆ ಇದನ್ನು ಹೇಳಿದರೆ ನಗುತ್ತಾನೆ. ಕ್ವಿಂಟಾಲ್ ಕಬ್ಬಿಗೆ ಹತ್ತು ಕೆಜಿ ಬೆಲ್ಲ ಇಳಿಸುವವನು ಅವನು. ಕೊಪ್ಪರಿಗೆ ಪಕ್ಕ ನಿಂತು ಲೋಟದಲ್ಲಿ ಬಿಸಿ ಬಿಸಿ ಕಬ್ಬಿನ ಹಾಲು ಕುಡಿದವನಿಗೆ ಬರ್ಚ್ ನೀರು ಯಾವ ಲೆಕ್ಕ.

ಆದರೆ ನೀರಾ ವಿಷಯದಲ್ಲಿ ಎರಡು ಮಾತು ಗಟ್ಟಿಯಾಗಿ ಹೇಳಬೇಕು. ಮೊದಲನೆಯದು, ಅಬಕಾರಿ ಇಲಾಖೆಯ ಪರವಾನಗಿ ಇಲ್ಲದೆ ನೀರಾ ಇಳಿಸುವ ಹಾಗಿಲ್ಲ, ನಿಮ್ಮದೇ ತೋಟ ಆದರೂ. ಎರಡನೆಯದು ಬಾವಲಿ. ಬಾಂಗ್ಲಾದೇಶದಲ್ಲಿ ಚಳಿಗಾಲದಲ್ಲಿ ಖರ್ಜೂರ ಜಾತಿಯ ಮರದ ಹಸಿ ರಸ ಕುಡಿಯುವ ರೂಢಿ ಇದೆ. ಅದು ನಮ್ಮ ಈಚಲೇ. ರಾತ್ರಿ ಬಾವಲಿ ಬಂದು ಮಡಕೆಯ ಬಾಯಿ ನೆಕ್ಕಿ ಹೋಗುತ್ತದೆ. ಅದರ ಎಂಜಲಿನಿಂದ ನಿಫಾ ಸೋಂಕು ಜನಕ್ಕೆ ಹರಡಿದ್ದು ಅಲ್ಲಿ ಮತ್ತೆ ಮತ್ತೆ ಆಗಿದೆ. ಈಗ ಮಡಕೆ ಬಾಯಿಗೆ ಬಿದಿರಿನ ತಡಿಕೆ ಕಟ್ಟಿ ಅಂತ ಹೇಳಿಕೊಡುತ್ತಾರೆ. ಬಾವಲಿ ನಮ್ಮಲ್ಲೂ ಇದೆ, ಈಚಲೂ ಇದೆ. ಹಾಗಾಗಿ ಹಳ್ಳದ ಬದಿಯಲ್ಲಿ ಯಾರೋ ಪ್ರೀತಿಯಿಂದ ಕೊಟ್ಟ ಹಸಿ ರಸ ನಾನು ಕುಡಿಯುವುದಿಲ್ಲ. ಪರವಾನಗಿ ಇರುವವರಿಂದ ತಂದು, ಚೆನ್ನಾಗಿ ಕುದಿಸಿ, ಪಾಕ ಮಾಡಿ ಇಟ್ಟುಕೊಳ್ಳುತ್ತೇನೆ. ಟೀಗೆ ಒಂದು ಚಮಚ ಸಾಕು. ನಮ್ಮ ಟೀಯಲ್ಲಿ ಮರದ ರಸ ಬರುವುದು ಹೀಗೆ.

ಇನ್ನು ಚಿಗುರು. ಇದೇ ನನಗೆ ಇಷ್ಟದ ಭಾಗ, ಸ್ವಲ್ಪ ಜಾಸ್ತಿ ಮಾತಾಡಿದರೆ ಸಹಿಸಿಕೊಳ್ಳಿ.

ಮರದ ಎಲೆ ಕುದಿಸಿ ಕುಡಿಯುವುದು ಅಂದರೆ ಕೆಲವರಿಗೆ ಈಗಿನ ಫ್ಯಾಷನ್ ಅನ್ನಿಸುತ್ತದೆ. 1535ರ ಚಳಿಗಾಲದಲ್ಲಿ ಜಾಕ್ ಕಾರ್ಟಿಯೆ ಅನ್ನುವ ಫ್ರೆಂಚ್ ನಾವಿಕ ಕೆನಡಾದಲ್ಲಿ ಈಗಿನ ಕ್ಯುಬೆಕ್ ಹತ್ತಿರ ಹಿಮದಲ್ಲಿ ಸಿಕ್ಕಿಬಿದ್ದ. 110 ಜನರಲ್ಲಿ 25 ಜನ ಸ್ಕರ್ವಿ ಅನ್ನುವ ರೋಗ ಬಂದು ಸತ್ತರು. ಒಸಡು ಕೊಳೆತು, ಕಾಲು ಊದಿ, ಉಳಿದವರೂ ಏಳಲಾರದೆ ಬಿದ್ದಿದ್ದರು. ಅಲ್ಲಿನ ಮೂಲನಿವಾಸಿಗಳು ಒಂದು ಮರದ ಎಲೆ, ತೊಗಟೆ ಕುದಿಸಿ ಕುಡಿಯಲು ಹೇಳಿಕೊಟ್ಟರು. ಕೆಲವೇ ದಿನದಲ್ಲಿ ಎದ್ದು ಓಡಾಡಿದರು. ಅದರೊಳಗಿದ್ದ ವಿಟಮಿನ್ ಸಿ ಮಾಡಿದ ಕೆಲಸ ಅದು. ಆ ಮರ ಯಾವುದು ಅಂತ ಪಂಡಿತರು ಇವತ್ತಿಗೂ ಜಗಳ ಆಡುತ್ತಾರೆ. ಅಂದರೆ ಔಷಧ ನೆನಪಿತ್ತು, ಮರದ ಗುರುತು ಹೋಯಿತು.

ಇನ್ನೊಂದು ಮಾತು. ನಾವು ದಿನಾ ಕುಡಿಯುವ ಟೀ ಏನು? ಅದೂ ಚಿಗುರೇ. ಗುಂಡ್ಲುಪೇಟೆ ದಾಟಿ, ಬಂಡೀಪುರ ಕಳೆದು ಗೂಡಲೂರಿಗೆ ಹೋದರೆ ಸೊಂಟದೆತ್ತರದ ಗಿಡ ಕಾಣುತ್ತದಲ್ಲ, ಕತ್ತರಿಸದೆ ಬಿಟ್ಟರೆ ಅದು ಮರವಾಗುತ್ತದೆ. ಒಂದು ಮೊಗ್ಗು, ಎರಡು ಎಲೆ, ಅಷ್ಟು ಕಿತ್ತು ಬಾಡಿಸಿ, ಹೊಸಕಿ, ಒಣಗಿಸಿದ್ದೇ ಟೀ ಪುಡಿ. ಇದನ್ನೇ ನಾನು ನಮ್ಮ ಹಿತ್ತಲಿನ ಮರಕ್ಕೂ ಮಾಡುತ್ತೇನೆ.

ನಾವು ಮಾಡುವ ತಪ್ಪು ಒಂದೇ. ಕುದಿಸುತ್ತೇವೆ. ಕಷಾಯ ಅಂದರೆ ಕುದಿಯಲೇಬೇಕು ಅಂತ ತಲೆಯಲ್ಲಿ ಕೂತಿದೆ. ಬೇರು, ಚಕ್ಕೆಗೆ ಅದು ಸರಿ. ಆಯುರ್ವೇದದಲ್ಲೇ ಇದಕ್ಕೆ ಐದು ಬಗೆ ಇದೆ: ಹಿಂಡಿದ ರಸ, ಅರೆದ ಮುದ್ದೆ, ಕುದಿಸಿ ಇಳಿಸಿದ್ದು, ರಾತ್ರಿಯೆಲ್ಲ ತಣ್ಣೀರಲ್ಲಿ ನೆನೆಸಿದ್ದು, ಬಿಸಿನೀರಲ್ಲಿ ಸ್ವಲ್ಪ ಹೊತ್ತು ನೆನೆಸಿ ಸೋಸಿದ್ದು. ಕೊನೆಯದಕ್ಕೆ ಫಾಂಟ ಅಂತ ಹೆಸರು. ಟೀ ಅಂದರೆ ಫಾಂಟ, ಅಷ್ಟೇ. ಚಿಗುರಿಗೆ ಬೇಕಾದ್ದು ಅದು. ಕುದಿಸಿದರೆ ಘಮ ಎಲ್ಲ ಅಡಿಗೆಮನೆ ಕಿಟಕಿಯಿಂದ ಆಚೆ ಹೋಗುತ್ತದೆ, ಲೋಟದಲ್ಲಿ ಒಗರು ಮಾತ್ರ ಉಳಿಯುತ್ತದೆ. ಮರ ಎಳೆ ಎಲೆಯನ್ನು ಹುಳುವಿನಿಂದ ಕಾಪಾಡಲು ತುಂಬಿಸುವುದೇ ಈ ಒಗರು. ನೇರಳೆ, ಮಾವಿನ ಚಿಗುರಿನ ಕೆಂಪು ಬಣ್ಣವೂ ಸುಮ್ನೆ ಚಂದಕ್ಕೆ ಬಂದದ್ದಲ್ಲ, ಉರಿ ಬಿಸಿಲಿಗೆ ಹಿಡಿದ ಕೊಡೆ.

ಈಗ ನಿಮ್ಮ ಕೈಗೆ ಬರುತ್ತಿರುವ ಮೊದಲ ಲೋಟ ಸೀಬೆಯದು. ಲೋಟಕ್ಕೆ ನಾಲ್ಕು ಕುಡಿ. ನೀರು ಕುದಿ ಬಂದ ಮೇಲೆ ಒಲೆ ಆರಿಸಿ, ಎರಡು ನಿಮಿಷ ಬಿಟ್ಟು ಸುರಿದು, ತಟ್ಟೆ ಮುಚ್ಚಿ ಐದು ನಿಮಿಷ. ಹಾಗೇ ಕುಡಿಯಬೇಡಿ, ಮೊದಲು ಮೂಸಿ. ಹಣ್ಣಿನ ವಾಸನೆ ಅಲ್ಲ, ಸೀಬೆ ಮರ ಹತ್ತಿದಾಗ ಅಂಗಿಗೆ ಹತ್ತುತ್ತಿದ್ದ ವಾಸನೆ. ಹೊಟ್ಟೆ ಕೆಟ್ಟಾಗ ಎರಡು ಕುಡಿ ಅಗಿದು ನುಂಗು ಅಂತ ಅಜ್ಜಿಯರು ಹೇಳುತ್ತಿದ್ದದ್ದು ಇದನ್ನೇ. ಜಪಾನಿನಲ್ಲಿ ಸೀಬೆ ಎಲೆ ಟೀಯನ್ನು ಅಂಗಡಿಯಲ್ಲಿಟ್ಟು ಮಾರುತ್ತಾರೆ. ನಾವು ಗುಡಿಸಿ ಬೆಂಕಿ ಹಾಕುತ್ತೇವೆ.

ಇಟ್ಟುಕೊಳ್ಳಬೇಕು ಅಂದರೆ, ಕಿತ್ತ ಕುಡಿಯನ್ನು ಒಂದು ರಾತ್ರಿ ಮೊರದಲ್ಲಿ ಹರಡಿ. ಬೆಳಿಗ್ಗೆಗೆ ಬಾಡಿ ಮೆತ್ತಗಾಗಿರುತ್ತದೆ. ಅಂಗೈ ನಡುವೆ ಬತ್ತಿ ಹೊಸೆಯುವ ಹಾಗೆ ಹೊಸೆಯಿರಿ, ಕೈ ಸ್ವಲ್ಪ ಅಂಟುವವರೆಗೆ. ಆಮೇಲೆ ನೆರಳಲ್ಲೇ ಒಣಗಿಸಿ, ಬಿಸಿಲು ಬೇಡ. ನಮ್ಮ ಏಪ್ರಿಲ್ ಗಾಳಿಗೆ ಮೂರು ದಿನ ಸಾಕು. ಬೆರಳಲ್ಲಿ ಮುರಿದರೆ ಪಟ್ ಅನ್ನಬೇಕು. ಬಾಗಿದರೆ ಇನ್ನೂ ಒಣಗಿಲ್ಲ, ಡಬ್ಬಿಗೆ ಹಾಕಿದರೆ ಬೂಸಲು ಬರುತ್ತದೆ. ನನ್ನ ಮೊದಲ ವರ್ಷದ ಡಬ್ಬಿ ಪೂರ್ತಿ ಹಾಗೇ ಹೋಯಿತು.

ನೇರಳೆಯದು ಸುಲಭ, ಅದೇ ಕ್ರಮ, ಆದರೆ ಮೂರೇ ನಿಮಿಷ. ಒಂದು ನಿಮಿಷ ಜಾಸ್ತಿ ಆದರೂ ನಾಲಿಗೆ ಮರಗಟ್ಟುತ್ತದೆ. ಒಗರಿನ ಟೀ ಯಾವುದನ್ನೂ ಊಟದ ಜೊತೆ ಕುಡಿಯಬೇಡಿ. ಸೊಪ್ಪು, ಕಾಳಿನಲ್ಲಿರುವ ಕಬ್ಬಿಣದ ಅಂಶವನ್ನು ಮೈಗೆ ಹತ್ತಲು ಅದು ಬಿಡುವುದಿಲ್ಲ. ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳು ಇದನ್ನು ನೆನಪಿಡಿ.

ಮಾವಿನ ಚಿಗುರಿನ ಟೀ ಯಾಕೆ ತಂದಿಲ್ಲ ಅಂತ ಒಬ್ಬರು ಆಗಲೇ ಕೇಳಿದರು. ನಾನು ಮಾಡುವುದಿಲ್ಲ. ಸೊನೆ ಎಲ್ಲರಿಗೂ ಆಗಿಬರುವುದಿಲ್ಲ. ಅಲ್ಲದೆ ತೋಪಿನ ಮಾವಿಗೆ ಹೂ ಬಿಡುವ ಹೊತ್ತಿನಲ್ಲಿ ಜಿಗಿಹುಳಕ್ಕೆ ಔಷಧಿ ಹೊಡೆದಿರುತ್ತಾರೆ. ಅದರ ಮೇಲೇ ಬಂದ ಚಿಗುರು ನಿಮ್ಮ ಲೋಟಕ್ಕೆ ಬೇಡ. ಅದು ಬಾಗಿಲಿಗೆ ತೋರಣವಾಗಿ ಚೆನ್ನ, ಕೋಗಿಲೆಗೆ ಚೆನ್ನ.

ಬೇವು. ಯುಗಾದಿಗೆ ಬೇವು ಬೆಲ್ಲ ತಿಂದವರಿಗೆ ಈ ರುಚಿ ಹೊಸದಲ್ಲ. ಲೋಟಕ್ಕೆ ಐದಾರು ಎಳೆ ಎಲೆ, ಎರಡು ನಿಮಿಷ. ಬಸುರಿ ಹೆಂಗಸರಿಗೆ ಬೇಡ, ಚಿಕ್ಕ ಮಕ್ಕಳಿಗೆ ಬೇಡ. ಮತ್ತೆ ದಿನಾ ಬೇಡ. ಇಲ್ಲಿ ಒಂದು ಗುರುತು ಹೇಳಿಕೊಡಬೇಕು, ಈ ಎರಡು ಕಡ್ಡಿ ನೋಡಿ. ಬಲಗೈಯಲ್ಲಿರುವುದು ಕಹಿಬೇವು. ಒಂದೇ ಕಡ್ಡಿ, ಅದರ ಎರಡೂ ಬದಿಗೆ ಕುಡುಗೋಲಿನ ಹಾಗೆ ಬಾಗಿದ ಎಲೆ, ಅಂಚು ಗರಗಸ. ಎಡಗೈಯಲ್ಲಿರುವುದು ಹೆಬ್ಬೇವು. ಈಗ ಎಲ್ಲರ ಹೊಲದಲ್ಲೂ ಪ್ಲೈವುಡ್‌ಗೆ ಅಂತ ಹಾಕಿದ್ದಾರಲ್ಲ, ಅದು. ಇಲ್ಲಿ ಕಡ್ಡಿಯಿಂದ ಮತ್ತೆ ಸಣ್ಣ ಕಡ್ಡಿ ಕವಲೊಡೆದು, ಅದರಲ್ಲಿ ಎಲೆ ಇದೆ. ಇದರ ಜಾತಿಯದೇ ಹುಚ್ಚುಬೇವು, ಅದರದೂ ಕವಲು ಕಡ್ಡಿ, ನೇರಳೆ ಬಣ್ಣದ ಹೂ, ಕಾಯಿ ವಿಷ. ಹೆಸರಿನಲ್ಲಿ ಬೇವು ಇದೆ ಅಂತ ಕಿತ್ತುಕೊಂಡು ಬರಬೇಡಿ. ಕಡ್ಡಿ ಕವಲೊಡೆದರೆ ಕೈ ಹಿಂದಕ್ಕೆ. ಚಳಿ ದೇಶದವರಿಗೂ ಇದೇ ಪಾಡು. ಪೈನ್ ಜಾತಿಯ ಸ್ಪ್ರೂಸ್ ಮರದ ಚಿಗುರು ಅಂತ ವಿಷದ ಯೂ ಮರದ್ದು ಕಿತ್ತು ಕುಡಿದರೆ ಪ್ರಾಣವೇ ಹೋದೀತು. ನಮ್ಮಲ್ಲಿ ಬೇಲಿಯ ಕಣಗಿಲೆ ಹಾಗೇ, ಅದರ ಯಾವ ಭಾಗವೂ ಬಾಯಿಗಲ್ಲ.

ಎಲ್ಲಿ ಕೀಳಬೇಕು? ನಿಮ್ಮ ಹಿತ್ತಲು, ನೆಂಟರ ತೋಟ, ಕೇಳಿಕೊಂಡು ಪಕ್ಕದ ಮನೆ. ಚಾಮುಂಡಿ ಬೆಟ್ಟ ಮೀಸಲು ಅರಣ್ಯ, ಬೆಟ್ಟ ಹತ್ತುವಾಗ ಜೇಬಿಗೆ ತುಂಬಿಕೊಳ್ಳುವ ಹಾಗಿಲ್ಲ. ಹೈವೇ ಬದಿಯ ಮರ ಬೇಡ, ಎಲೆ ಉಜ್ಜಿದರೆ ಬೆರಳು ಕಪ್ಪಾಗುತ್ತದೆ. ಪಕ್ಕದ ರೆಂಬೆಯಲ್ಲಿ ಅಲ್ಲೊಂದು ಇಲ್ಲೊಂದು ಕುಡಿ ಚಿವುಟಿ, ನೆತ್ತಿ ಮುಟ್ಟಬೇಡಿ. ಚಿಕ್ಕ ಸಸಿಯ ಹತ್ತಿರ ಹೋಗಲೇಬೇಡಿ.

ಕೊನೆಯ ಲೋಟ ಹುಣಸೆ ಚಿಗುರಿನದು. ನನ್ನ ಕೇಳಿದರೆ ಇದೇ ರಾಜ. ಸಾರು, ಚಟ್ನಿ ಎಲ್ಲರೂ ಮಾಡುತ್ತೀರಿ, ಟೀ ಯಾರೂ ಮಾಡಲ್ಲ. ಒಂದು ಹಿಡಿ ಎಳೆ ಚಿಗುರು, ತಿಳಿಗೆಂಪು ಇರುವಾಗಲೇ ಕೀಳಬೇಕು. ಹಸಿರು ಗಟ್ಟಿಯಾದರೆ ನಾರು. ಅಂಗೈಯಲ್ಲಿ ಸ್ವಲ್ಪ ಜಜ್ಜಿ, ಎರಡು ಲೋಟ ಬಿಸಿನೀರಿಗೆ ಹಾಕಿ ಹತ್ತು ನಿಮಿಷ ಮುಚ್ಚಿಡಿ. ಚಿಟಿಕೆ ಒಣಶುಂಠಿ ಪುಡಿ, ಒಂದು ಏಲಕ್ಕಿ. ಸೋಸಿ ಬೆಲ್ಲವೋ ನೀರಾ ಪಾಕವೋ ಒಂದು ಚಮಚ. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಮಾಡಬೇಡಿ, ಹುಳಿ ಅದನ್ನು ತಿನ್ನುತ್ತದೆ. ಎದೆಯುರಿ ಇರುವವರು ಖಾಲಿ ಹೊಟ್ಟೆಗೆ ಬೇಡ.

ಹಾಲು ಹಾಕಬಹುದಾ ಅಂತ ಕೇಳಬೇಡಿ. ಪ್ರತಿ ಸಲ ಒಬ್ಬರು ಕೇಳುತ್ತಾರೆ. ಹಾಕಿದರೆ ಪನ್ನೀರ್ ಆಗುತ್ತದೆ.

ಎರಡು ಫ್ಲಾಸ್ಕ್ ಇದೆ. ಕೆಂಪು ಮುಚ್ಚಳದ್ದಕ್ಕೆ ನೀರಾ ಪಾಕ ಹಾಕಿದ್ದೇನೆ, ನೀಲಿಯದಕ್ಕೆ ಏನೂ ಹಾಕಿಲ್ಲ. ಶುಗರ್ ಇರುವವರು ನೀಲಿ ತಗೊಳ್ಳಿ. ಸೋಸುವ ಜಾಲರಿ ಮನೆಯಲ್ಲೇ ಬಿಟ್ಟು ಬಂದಿದ್ದೇನೆ, ಲೋಟದ ತಳದಲ್ಲಿ ಎಲೆ ಸಿಕ್ಕರೆ ಅಗಿದುಬಿಡಿ, ಚೆನ್ನಾಗಿರುತ್ತದೆ.